ನೆತ್ತಿಯ ಆರೋಗ್ಯ, ಕೂದಲಿನ ಬೆಳವಣಿಗೆ



ಆರೋಗ್ಯದ ತಿಳಿವಳಿಕೆ ಜನರ ಮಾತಿನಲ್ಲೇ ಜನರಿಗೆ ಸಿಗಬೇಕು ಎಂಬ ಆಶಯದಿಂದ ಹುಟ್ಟಿದ ದತ್ತಿಯ ಉಪನ್ಯಾಸ ಇದು. ವಿಷಯವನ್ನು ನಾನೇ ಆರಿಸಿಕೊಳ್ಳಬಹುದೆಂದು ಸಂಘಟಕರು ಹೇಳಿದಾಗ, ಚರ್ಮರೋಗ ವೈದ್ಯೆಯಾಗಿ ದಿನವೂ ಎದುರಾಗುವ ಒಂದು ಅಳಲನ್ನೇ ಎತ್ತಿಕೊಂಡೆ. ಅದು ಕೂದಲು ಉದುರುವ ಅಳಲು. ಇದು ಬರೀ ಅಂದಚೆಂದದ ಮಾತು ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಮದುವೆಯ ಮಾತುಕತೆಗೆ ಮೊದಲು ಬೈತಲೆ ಅಗಲವಾಯಿತೆಂದು ಕಣ್ಣೀರು ಹಾಕುವ ಹುಡುಗಿ, ಇಪ್ಪತ್ತೆರಡಕ್ಕೇ ನೆತ್ತಿ ಕಾಣುತ್ತಿದೆ ಎಂದು ಟೋಪಿ ತೆಗೆಯಲೊಪ್ಪದ ಹುಡುಗ, ಇವರ ಸಂಕಟ ದೊಡ್ಡದು.

ಹೀಗೆ ಬರುವವರಲ್ಲಿ ಅನೇಕರು ಒಂದು ಚೀಲ ಹಿಡಿದು ಬರುತ್ತಾರೆ. ಅದರೊಳಗಿಂದ ಎಣ್ಣೆ, ಶಾಂಪು, ಸೀರಮ್ಮುಗಳ ಬಾಟಲಿಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲೆ ಇಡುತ್ತಾರೆ. ಅರ್ಧ ಖಾಲಿಯಾದವು, ಒಮ್ಮೆ ಹಚ್ಚಿ ಬಿಟ್ಟವು, ಅಕ್ಕಪಕ್ಕದವರು ಹೇಳಿ ಕೊಳ್ಳಿಸಿದವು. "ಯಾರಾದರೂ ಬೆಳಕಿನಲ್ಲಿ ಕೂದಲು ಬಿಡಿಸಿ ನಿಮ್ಮ ನೆತ್ತಿಯ ಚರ್ಮವನ್ನು ನೋಡಿದ್ದಾರೆಯೇ?" ಎಂದು ಕೇಳಿದರೆ, ಇಲ್ಲವೆಂದು ತಲೆಯಾಡಿಸುತ್ತಾರೆ. ಇಂದು ನಾನು ಹೇಳಬೇಕಾದದ್ದು ಇಲ್ಲಿಂದಲೇ ಹೊರಡುತ್ತದೆ. ಕೂದಲು ಹುಟ್ಟಿ ಬೆಳೆಯುವುದು ಚರ್ಮದೊಳಗೆ. ಆದ್ದರಿಂದ ಆರೈಕೆ ಮೊದಲು ಸಲ್ಲಬೇಕಾದದ್ದು ನೆತ್ತಿಗೆ ಮತ್ತು ಆ ನೆತ್ತಿಯನ್ನು ಪೋಷಿಸುವ ದೇಹಕ್ಕೆ.

ಉಪನ್ಯಾಸವನ್ನು ನಾಲ್ಕು ಭಾಗ ಮಾಡಿಕೊಂಡಿದ್ದೇನೆ. ಮೊದಲು ಕೂದಲು ಬೆಳೆಯುವ ಬಗೆ, ಆಮೇಲೆ ಹೊಟ್ಟು, ಎಣ್ಣೆ ಮತ್ತು ತಲೆಸ್ನಾನ. ಮೂರನೆಯದಾಗಿ ನಮ್ಮ ಕೈಯಿಂದಲೇ ನೆತ್ತಿಗೆ ಆಗುವ ಹಾನಿ. ಕೊನೆಯಲ್ಲಿ ದೇಹದ ಒಳಗಿನ ಕಾರಣಗಳು ಮತ್ತು ವೈದ್ಯರನ್ನು ಕಾಣಬೇಕಾದ ಸಂದರ್ಭಗಳು. ನರೆ ಮತ್ತು ಕೂದಲು ಕಸಿಯ ವಿಚಾರ ಬೇರೆಯೇ ಉಪನ್ಯಾಸಕ್ಕಾಗುವಷ್ಟಿದೆ, ಅವನ್ನು ಇಲ್ಲಿ ಮುಟ್ಟುವುದಿಲ್ಲ.

ಮೊದಲ ಭಾಗಕ್ಕೆ ಬರುತ್ತೇನೆ. ನಮ್ಮ ತಲೆಯ ಮೇಲೆ ಸುಮಾರು 1 ಲಕ್ಷ ಕೂದಲುಗಳಿವೆ. ಪ್ರತಿಯೊಂದೂ ಚರ್ಮದೊಳಗಿನ ಒಂದು ಪುಟ್ಟ ಚೀಲದಿಂದ ಹೊರಡುತ್ತದೆ. ಅದನ್ನು ಕೇಶಕೂಪ ಎನ್ನೋಣ. ಈ ಕೇಶಕೂಪಗಳೆಲ್ಲ ನಾವು ತಾಯಿಯ ಗರ್ಭದಲ್ಲಿರುವಾಗಲೇ ರೂಪುಗೊಂಡವು. ಹುಟ್ಟಿದ ಮೇಲೆ ಹೊಸದಾಗಿ ಸೇರುವುದಿಲ್ಲ. ಪ್ರತಿ ಕೇಶಕೂಪದ ತಳದಲ್ಲಿ ರಕ್ತನಾಳಗಳು ಬಂದು ಆಹಾರ, ಆಮ್ಲಜನಕ ಕೊಡುತ್ತವೆ. ಜೀವಕೋಶಗಳು ಅಲ್ಲಿ ಬಿಡುವಿಲ್ಲದೆ ಒಡೆದು ಹೆಚ್ಚುತ್ತವೆ, ಮೇಲಕ್ಕೆ ಸರಿಯುತ್ತಾ ಗಟ್ಟಿಯಾಗುತ್ತವೆ, ಕೆರಟಿನ್ ಎಂಬ ಪ್ರೋಟೀನಿನ ಎಳೆಯಾಗಿ ಚರ್ಮದ ಹೊರಗೆ ಬರುತ್ತವೆ. ಹೊರಗೆ ಬಂದ ಎಳೆಗೆ ಜೀವವಿಲ್ಲ, ರಕ್ತವಿಲ್ಲ, ನರವಿಲ್ಲ. ಹಾಗಾಗಿಯೇ ಕತ್ತರಿಸಿದರೆ ನೋವಾಗುವುದಿಲ್ಲ. ನೆತ್ತಿಯನ್ನು ಮಗ್ಗವೆಂದೂ ಕೂದಲನ್ನು ನೇಯ್ದು ಹೊರಬಂದ ಬಟ್ಟೆಯೆಂದೂ ತಿಳಿಯಿರಿ. ಬಟ್ಟೆಯನ್ನು ಜೋಪಾನ ಮಾಡಬಹುದು, ಆದರೆ ಮುಂದಿನ ಗಜ ಹೇಗೆ ಬರುತ್ತದೆ ಎಂಬುದು ಮಗ್ಗಕ್ಕೆ ಸೇರಿದ್ದು.

ಪ್ರತಿ ಕೂದಲಿಗೂ ಮೂರು ಹಂತಗಳಿವೆ. ಬೆಳೆಯುವ ಹಂತ 2ರಿಂದ 6 ವರ್ಷ. ಆಗ ಅದು ತಿಂಗಳಿಗೆ ಹೆಚ್ಚುಕಡಿಮೆ 1 ಸೆಂಟಿಮೀಟರ್ ಉದ್ದವಾಗುತ್ತದೆ. ಬಳಿಕ ಎರಡು ಮೂರು ವಾರಗಳಲ್ಲಿ ಬೆಳವಣಿಗೆ ನಿಲ್ಲುತ್ತದೆ. ಆಮೇಲೆ ಸುಮಾರು 3 ತಿಂಗಳ ವಿಶ್ರಾಂತಿ, ಅದರ ಕೊನೆಗೆ ಹಳೆಯ ಕೂದಲು ಉದುರಿ ಅದೇ ಕೇಶಕೂಪದಲ್ಲಿ ಹೊಸದು ಮೊಳೆಯುತ್ತದೆ. ಆರೋಗ್ಯವಂತರ ತಲೆಯಲ್ಲಿ ಶೇ 85ರಿಂದ 90ರಷ್ಟು ಕೂದಲು ಬೆಳೆಯುತ್ತಿರುತ್ತದೆ, ಉಳಿದವು ಬಹುಪಾಲು ವಿಶ್ರಾಂತಿಯಲ್ಲಿರುತ್ತವೆ. ಹೀಗಾಗಿ ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ.

ಈ ಲೆಕ್ಕದಿಂದ ನಾವು ಕಲಿಯಬೇಕಾದದ್ದು ಎರಡು. ಒಂದು, ಇಂದು ಉದುರುತ್ತಿರುವ ಕೂದಲಿನ ಕಾರಣವನ್ನು ಎರಡು ಮೂರು ತಿಂಗಳ ಹಿಂದೆ ಹುಡುಕಬೇಕಾಗಬಹುದು. ಎರಡು, ಇಂದು ಆರಂಭಿಸಿದ ಆರೈಕೆಯ ಫಲ ಕಾಣಲು ತಿಂಗಳುಗಳೇ ಬೇಕು. ಹದಿನೈದು ದಿನಕ್ಕೊಂದು ಎಣ್ಣೆ ಬದಲಿಸುವವರಿಗೆ ಯಾವುದು ಫಲ ಕೊಟ್ಟಿತು, ಯಾವುದು ಕೊಡಲಿಲ್ಲ ಎಂಬುದೇ ತಿಳಿಯುವುದಿಲ್ಲ.

ಬೋಳಿಸಿದರೆ ಕೂದಲು ದಟ್ಟವಾಗಿ ಬೆಳೆಯುತ್ತದೆ ಎಂಬ ನಂಬಿಕೆಗೂ ಇಲ್ಲೇ ಉತ್ತರ ಸಿಗುತ್ತದೆ. ಕ್ಷೌರದ ಕತ್ತಿ ಮುಟ್ಟುವುದು ಜೀವವಿಲ್ಲದ ಎಳೆಯನ್ನು, ಕೇಶಕೂಪವನ್ನಲ್ಲ. ಅಮೆರಿಕದ ವಿಜ್ಞಾನಿ ಮಿಲ್ಡ್ರೆಡ್ ಟ್ರಾಟರ್ 1928ರಲ್ಲೇ ಇದನ್ನು ಅಳೆದು ನೋಡಿದರು. ಕ್ಷೌರದಿಂದ ಕೂದಲಿನ ಬಣ್ಣವಾಗಲಿ, ದಪ್ಪವಾಗಲಿ, ಬೆಳೆಯುವ ವೇಗವಾಗಲಿ ಬದಲಾಗಲಿಲ್ಲ. ಕತ್ತರಿಸಿದ ತುದಿ ಮೊಂಡಾಗಿರುವುದರಿಂದ ಒರಟಾಗಿ, ದಪ್ಪವಾಗಿ ಕಾಣುತ್ತದೆ, ಅಷ್ಟೇ. ಹರಕೆ ಹೊತ್ತು ಮುಡಿ ಕೊಡುವುದು ಭಕ್ತಿಗೆ ಸೇರಿದ್ದು, ಅದನ್ನು ಗೌರವಿಸೋಣ. ಕೂದಲು ಹೆಚ್ಚಲೆಂದು ಮಗುವಿನ ತಲೆಯನ್ನು ಮತ್ತೆ ಮತ್ತೆ ಬೋಳಿಸುವುದು ಬೇಡ.

ಇನ್ನು ಎರಡನೆಯ ಭಾಗ. ನೆತ್ತಿಯ ತೊಂದರೆಗಳಲ್ಲಿ ಮನೆಮನೆಗೂ ಪರಿಚಿತವಾದದ್ದು ತಲೆಹೊಟ್ಟು. ನೆತ್ತಿಯಲ್ಲಿ ಜಿಡ್ಡು ಸುರಿಸುವ ಗ್ರಂಥಿಗಳು ದಟ್ಟವಾಗಿವೆ. ಆ ಜಿಡ್ಡನ್ನು ತಿಂದು ಬದುಕುವ ಮಲಸೀಜಿಯ ಎಂಬ ಯೀಸ್ಟ್ ನಮ್ಮೆಲ್ಲರ ಚರ್ಮದ ಮೇಲೂ ಇದೆ. ಫ್ರಾನ್ಸಿನ ಲೂಯಿ ಚಾರ್ಲ್ಸ್ ಮಲಸ್ಸೇ 1874ರಲ್ಲಿ ಹೊಟ್ಟಿನ ಪದರಗಳಲ್ಲಿ ಇದನ್ನು ಗುರುತಿಸಿ ವಿವರಿಸಿದರು. ಈ ಯೀಸ್ಟ್ ಜಿಡ್ಡನ್ನು ಒಡೆದಾಗ ಓಲಿಯಿಕ್ ಆಮ್ಲದಂಥ ವಸ್ತುಗಳು ಉಳಿಯುತ್ತವೆ. ಕೆಲವರ ಚರ್ಮ ಅವನ್ನು ಸಹಿಸದೆ ಕೆರಳುತ್ತದೆ. ತಿಂಗಳಿಗೊಮ್ಮೆ ಹೊಸದಾಗಬೇಕಾದ ಹೊರಪದರ ಅವಸರದಲ್ಲಿ ಬದಲಾಗಿ ಬಿಳಿ ಪದರಗಳಾಗಿ ಉದುರುತ್ತದೆ, ತುರಿಕೆ ಬರುತ್ತದೆ. ಹೊಟ್ಟು ಕೊಳಕಿನ ಗುರುತಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ಆದರೆ ಉರಿ, ಕೆಂಪು, ತುರಿಕೆ ಬಹುಕಾಲ ಉಳಿದ ನೆತ್ತಿಯಲ್ಲಿ ಕೂದಲು ಹೆಚ್ಚು ಉದುರುತ್ತದೆ. ಕೆರೆದು ಕೆರೆದು ಕೂದಲು ತುಂಡಾಗುವುದು ಬೇರೆ.

ಹೊಟ್ಟಿಗೆ ನಮ್ಮಲ್ಲಿ ಮೊದಲು ನೆನಪಾಗುವ ಮದ್ದು ಎಣ್ಣೆ. ತಲೆ ಒಣಗಿದೆ, ಅದಕ್ಕೇ ಹೊಟ್ಟು ಏಳುತ್ತಿದೆ ಎಂದು ರಾತ್ರಿ ಎಣ್ಣೆ ತೀಡಿ ಮಲಗುತ್ತಾರೆ. ಪದರಗಳು ಎಣ್ಣೆಗೆ ಅಂಟಿ ಕಾಣದಾಗುವುದರಿಂದ ಗುಣವಾದಂತೆ ತೋರುತ್ತದೆ. ಯೀಸ್ಟಿಗೆ ಬೇಕಾದದ್ದು ಜಿಡ್ಡೇ ಆದ್ದರಿಂದ ಹೊಟ್ಟಿನ ನೆತ್ತಿಯ ಮೇಲೆ ರಾತ್ರಿಯಿಡೀ ಎಣ್ಣೆ ಬಿಟ್ಟರೆ ಹಲವರಿಗೆ ತೊಂದರೆ ಹೆಚ್ಚುತ್ತದೆ.

ಹಾಗೆಂದು ಎಣ್ಣೆಯನ್ನೇ ದೂರ ಇಡಿ ಎನ್ನುವುದಿಲ್ಲ. ಭಾರತದ ಸಂಶೋಧಕರಾದ ರೇಲೆ ಮತ್ತು ಮೋಹಿಲೆ 2003ರಲ್ಲಿ ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ತೈಲ ಈ ಮೂರನ್ನೂ ಹೋಲಿಸಿ ನೋಡಿದರು. ಕೂದಲಿನಿಂದ ಪ್ರೋಟೀನ್ ಸೋರಿಹೋಗುವುದನ್ನು ಗಮನಾರ್ಹವಾಗಿ ತಗ್ಗಿಸಿದ್ದು ಕೊಬ್ಬರಿ ಎಣ್ಣೆ ಮಾತ್ರ. ಅದರ ಲಾರಿಕ್ ಆಮ್ಲದ ಅಣು ಚಿಕ್ಕದು, ನೇರವಾದದ್ದು. ಅದು ಕೂದಲೆಳೆಯ ಒಳಕ್ಕೆ ಇಳಿಯಬಲ್ಲದು. ನಮ್ಮ ಅಜ್ಜಿಯಂದಿರ ರೂಢಿಗೆ ಇಲ್ಲಿ ಆಧಾರವಿದೆ. ಆದರೆ ಈ ಲಾಭ ಎಳೆಗೆ ಆಗುವುದು, ಅದು ತುಂಡಾಗುವುದು ತಪ್ಪುತ್ತದೆ. ನಿಂತುಹೋದ ಕೇಶಕೂಪವನ್ನು ಎಣ್ಣೆ ಎಬ್ಬಿಸುವುದಿಲ್ಲ. ಹೊಟ್ಟು ಇರುವವರು ಸ್ನಾನಕ್ಕೆ ಗಂಟೆ ಮೊದಲು ಕೂದಲಿನ ಉದ್ದಕ್ಕೆ ಹಚ್ಚಿ, ಚೆನ್ನಾಗಿ ತೊಳೆದುಕೊಂಡರೆ ಸಾಕು. ಹೊಟ್ಟಿಲ್ಲದವರು ಬೆರಳ ತುದಿಯಿಂದ ನೆತ್ತಿಯನ್ನು ಮೃದುವಾಗಿ ನೀವಿಕೊಳ್ಳಬಹುದು. ಜಪಾನಿನಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 9 ಗಂಡಸರಿಗೆ ದಿನಕ್ಕೆ 4 ನಿಮಿಷದಂತೆ 24 ವಾರ ನೆತ್ತಿ ನೀವಿದಾಗ ಕೂದಲಿನ ದಪ್ಪ ಹೆಚ್ಚಿತ್ತು, ಸಂಖ್ಯೆ ಹೆಚ್ಚಿರಲಿಲ್ಲ. ಅಷ್ಟು ಚಿಕ್ಕ ಅಧ್ಯಯನದ ಮೇಲೆ ದೊಡ್ಡ ಭರವಸೆ ಕಟ್ಟಲಾಗದು. ಮೃದುವಾಗಿ ನೀವಿದರೆ ಹಾನಿಯಿಲ್ಲ, ಉಗುರು ತಾಗಿಸಿ ತಿಕ್ಕಿದರೆ ಗಾಯವಾಗುತ್ತದೆ.

ಹೊಟ್ಟಿಗೆ ಒಳ್ಳೆಯ ಔಷಧಗಳಿವೆ. ಕೀಟೊಕೊನಜೋಲ್, ಜಿಂಕ್ ಪೈರಿಥಿಯೋನ್, ಸೆಲೆನಿಯಂ ಸಲ್ಫೈಡ್ ಇರುವ ಶಾಂಪುಗಳು ಯೀಸ್ಟನ್ನು ಹತೋಟಿಗೆ ತರುತ್ತವೆ. ಅವನ್ನು ಬಳಸುವ ಕ್ರಮ ಗಮನಿಸಿ. ತಲೆ ಒದ್ದೆ ಮಾಡಿಕೊಂಡು ಬೆರಳಿನಿಂದ ಕೂದಲು ಬಿಡಿಸಿ ಶಾಂಪುವನ್ನು ನೆತ್ತಿಯ ಚರ್ಮಕ್ಕೆ ಹಚ್ಚಬೇಕು. 3ರಿಂದ 5 ನಿಮಿಷ ಬಿಟ್ಟು ತೊಳೆಯಬೇಕು. ಕೀಟೊಕೊನಜೋಲ್ ಶಾಂಪುವನ್ನು ಸಾಮಾನ್ಯವಾಗಿ ವಾರಕ್ಕೆರಡು ಸಲದಂತೆ ನಾಲ್ಕು ವಾರ ಬಳಸಿ, ಆಮೇಲೆ ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಬಳಸಿದರೆ ಹೊಟ್ಟು ಮರುಕಳಿಸದಂತೆ ತಡೆಯಬಹುದು. ಕೂದಲಿಗೆ ಸವರಿ ತಕ್ಷಣ ನೀರು ಸುರಿದುಕೊಂಡರೆ ಔಷಧ ಬಚ್ಚಲಿಗೆ ಹೋಗುತ್ತದೆ, ನೆತ್ತಿಗೆ ತಲುಪುವುದಿಲ್ಲ.

ಎಷ್ಟು ದಿನಕ್ಕೊಮ್ಮೆ ತಲೆಸ್ನಾನ ಎಂದು ಎಲ್ಲರೂ ಕೇಳುತ್ತಾರೆ. ಜಿಡ್ಡು ನೆತ್ತಿಯವರು ದಿನ ಬಿಟ್ಟು ದಿನ ತೊಳೆಯಬಹುದು. ಒಣ ಅಥವಾ ಗುಂಗುರು ಕೂದಲಿನವರಿಗೆ ವಾರಕ್ಕೊಂದೆರಡು ಸಲ ಸಾಕಾಗಬಹುದು. ಸ್ಕೂಟರಿನಲ್ಲಿ ಧೂಳು ಕುಡಿದು, ಹೆಲ್ಮೆಟ್ಟಿನೊಳಗೆ ಬೆವರಿ ಬರುವವರು ಶನಿವಾರದ ಎಣ್ಣೆಸ್ನಾನಕ್ಕೆಂದು ಕಾಯುವುದು ಸರಿಯಲ್ಲ. ಹೆಲ್ಮೆಟ್ ಬೊಕ್ಕತಲೆ ತರುವುದಿಲ್ಲ. ಒಳಗಿನ ಮೆತ್ತೆಯನ್ನು ಆಗಾಗ ಒಗೆದು, ತಲೆಗೆ ತೆಳುವಾದ ಹತ್ತಿ ಬಟ್ಟೆ ಕಟ್ಟಿಕೊಂಡು ಹಾಕಿಕೊಳ್ಳಿ. ಕೂದಲಿನ ಚಿಂತೆಗೆ ಹೆಲ್ಮೆಟ್ ಬಿಡಬೇಡಿ. ತೊಳೆದರೆ ಕೂದಲು ಉದುರುತ್ತದೆ ಎಂಬ ಭಯವೂ ಬೇಡ. ಬಚ್ಚಲಲ್ಲಿ ಕಾಣುವ ಕೂದಲು ವಿಶ್ರಾಂತಿ ಮುಗಿಸಿ ಆಗಲೇ ಸಡಿಲವಾದದ್ದು. ಸ್ನಾನ ಮುಂದೂಡಿದರೆ ಅದೆಲ್ಲ ಒಟ್ಟಿಗೆ ಉದುರಿ ಗಾಬರಿ ಹುಟ್ಟಿಸುತ್ತದೆ.

ಸೀಗೆಕಾಯಿ, ಅಂಟುವಾಳಗಳ ಬಗ್ಗೆ ಒಂದೆರಡು ಮಾತು. ನರಕ ಚತುರ್ದಶಿಯ ಅಭ್ಯಂಜನವಿರಲಿ, ಮಲೆನಾಡಿನ ಮತ್ತಿಸೊಪ್ಪು, ದಾಸವಾಳದ ಲೋಳೆಯಿರಲಿ, ಇವು ಅನುಭವದಿಂದ ಬಂದ ಶುದ್ಧಿಕ್ರಮಗಳು. ಸೀಗೆಕಾಯಿ, ಅಂಟುವಾಳಗಳಲ್ಲಿರುವ ಸಪೋನಿನ್ ನೊರೆ ಕೊಟ್ಟು ಜಿಡ್ಡು ತೆಗೆಯುತ್ತದೆ. ಪುಡಿಯನ್ನು ಬಟ್ಟೆಯಲ್ಲಿ ಜರಡಿ ಹಿಡಿದು ನಯ ಮಾಡಿಕೊಳ್ಳಿ. ತರಿ ಉಳಿದರೆ ನೆತ್ತಿ ಗೀರುತ್ತದೆ, ಕಣ್ಣು ಉರಿಯುತ್ತದೆ. ಮೈಗೆ ಹಚ್ಚುವ ಸೋಪನ್ನು ಮಾತ್ರ ತಲೆಗೆ ಹಚ್ಚಬೇಡಿ. ನೆತ್ತಿಯ ಸಹಜ ಪಿಎಚ್ ಸುಮಾರು 5.5, ಸಾಮಾನ್ಯ ಸೋಪಿನದು 9ರಿಂದ 10. ಕೊಳವೆಬಾವಿಯ ಗಡಸು ನೀರಿನಲ್ಲಿ ಸೋಪು ಕ್ಯಾಲ್ಸಿಯಂ ಜೊತೆ ಸೇರಿ ಜಿಗುಟಾದ ಮಡ್ಡಿಯಾಗಿ ಕೂದಲಿಗೆ ಮೆತ್ತಿಕೊಳ್ಳುತ್ತದೆ. ಸೌಮ್ಯವಾದ ಶಾಂಪುವಿನಲ್ಲಿ ಆ ತೊಡಕಿಲ್ಲ.

ಇಲ್ಲಿಂದ ಮೂರನೆಯ ಭಾಗಕ್ಕೆ, ನಮ್ಮ ಕೈಯಿಂದಲೇ ಆಗುವ ಹಾನಿಗೆ ಸಾಗೋಣ. ಮೊದಲನೆಯದು ಬಿಗಿ ಜಡೆ. ಶಾಲೆಗೆ ಹೋಗುವ ಹುಡುಗಿಯ ಹಣೆಯಂಚನ್ನು, ಕಿವಿಯ ಮೇಲ್ಭಾಗವನ್ನು ಹತ್ತಿರದಿಂದ ನೋಡಿ. ಎಣ್ಣೆ ಹಚ್ಚಿ ಎರಡು ಜಡೆ ಬಿಗಿದ ಜಾಗದಲ್ಲಿ ಕೂದಲ ಬುಡದ ಸುತ್ತ ಸಣ್ಣ ಕೆಂಪು ಗುಳ್ಳೆಗಳು, ಅಂಚಿನುದ್ದಕ್ಕೂ ನವಿರಾದ ಗಿಡ್ಡ ಕೂದಲು ಕಂಡರೆ ಎಳೆತ ಹೆಚ್ಚಾಗಿದೆ ಎಂದರ್ಥ. ಗ್ರೀನ್‌ಲ್ಯಾಂಡಿನ ಹೆಂಗಸರು ಕೂದಲನ್ನು ಬಿಗಿಯಾಗಿ ಎಳೆದು ಕಟ್ಟುತ್ತಿದ್ದುದರಿಂದ ಹೀಗಾಗುವುದನ್ನು 1907ರಲ್ಲೇ ದಾಖಲಿಸಲಾಗಿದೆ. ಈ ಹಂತದಲ್ಲಿ ಜಡೆ ಸಡಿಲಿಸಿದರೆ ಕೂದಲು ಮರಳುತ್ತದೆ. ವರ್ಷಗಟ್ಟಲೆ ಎಳೆದರೆ ಕೇಶಕೂಪ ನಾಶವಾಗಿ ಹಣೆ ಶಾಶ್ವತವಾಗಿ ಹಿಂದೆ ಸರಿಯುತ್ತದೆ. ಬಿಗಿ ಜಡೆ ಹಾಕಿದರೆ ಕೂದಲು ಉದ್ದ ಬೆಳೆಯುತ್ತದೆ ಎಂಬ ಮಾತನ್ನು ನಾವು ಬಿಡಬೇಕು.

ಎರಡನೆಯದು ಬಣ್ಣ. ಕೂದಲು ಕಪ್ಪು ಮಾಡುವ ಹಲವು ಬಣ್ಣಗಳಲ್ಲಿ ಪಿಪಿಡಿ ಎಂಬ ರಾಸಾಯನಿಕವಿದೆ. ಅಲರ್ಜಿ ಇರುವವರಿಗೆ ನೆತ್ತಿ ತುರಿಸಿ ನೀರು ಸೋರುವುದು, ಹಣೆ, ರೆಪ್ಪೆ ಊದುವುದು ಇದರಿಂದಲೇ. ಶುದ್ಧ ಗೋರಂಟಿ ಕೊಡುವುದು ಕೆಂಪು ಛಾಯೆ. ಗೋರಂಟಿ ಎಂದು ಹೇಳಿ ಕಡುಕಪ್ಪು ಬಣ್ಣ ಕೊಡುವ ಪುಡಿಯ ಪೊಟ್ಟಣವನ್ನು ಓದದೆ ಹಚ್ಚಬೇಡಿ. ಬಳಸುವ ಮುನ್ನ ಕಿವಿಯ ಹಿಂದೆ ಸ್ವಲ್ಪ ಸವರಿ 48 ಗಂಟೆ ಕಾದು ನೋಡುವುದು ಜಾಣತನ. ಒಮ್ಮೆ ಅಲರ್ಜಿಯಾದವರು ಆ ಬಣ್ಣವನ್ನು ಮತ್ತೆಂದೂ ಮುಟ್ಟಬಾರದು.

ಮೂರನೆಯದು ಮಕ್ಕಳ ತಲೆ. ಹೇನಿಗೆ ಸೀಮೆಎಣ್ಣೆ ಹಚ್ಚುವ ಪದ್ಧತಿ ಅಪಾಯಕಾರಿ. ನೆತ್ತಿ ಸುಡುತ್ತದೆ, ಒಲೆಯ ಹತ್ತಿರ ಬೆಂಕಿ ತಗಲುವ ಭಯವೂ ಇದೆ. ಶೇ 1ರ ಪರ್ಮೆಥ್ರಿನ್ ಲೋಷನ್ ಹಚ್ಚಿ ಹತ್ತು ನಿಮಿಷದ ನಂತರ ತೊಳೆದು, ಹೇನಿನ ಬಾಚಣಿಗೆಯಿಂದ ಸೀರು ತೆಗೆಯಬೇಕು. ಸೀರು ಒಡೆದು ಮರಿಯಾಗಲು ಸುಮಾರು ಒಂದು ವಾರ ಬೇಕಾಗುವುದರಿಂದ 7ರಿಂದ 10 ದಿನಕ್ಕೆ ಮತ್ತೊಮ್ಮೆ ಹಚ್ಚಬೇಕು, ಮನೆಯಲ್ಲಿ ಹೇನಿರುವ ಎಲ್ಲರಿಗೂ ಒಟ್ಟಿಗೇ ಆಗಬೇಕು. ಮಗುವಿನ ತಲೆಯಲ್ಲಿ ಹೊಟ್ಟಿನ ಜೊತೆಗೆ ಕೂದಲು ಬುಡದಲ್ಲೇ ಮುರಿದು ಕಪ್ಪು ಚುಕ್ಕೆಗಳಂತೆ ಕಂಡರೆ ಅದು ಶಿಲೀಂಧ್ರದ ಸೋಂಕು. ಅದು ಕೂದಲೊಳಗೇ ಹೊಕ್ಕಿರುವುದರಿಂದ ಬರೀ ಮುಲಾಮಿಗೆ ಬಗ್ಗುವುದಿಲ್ಲ, ಕೆಲವು ವಾರ ಬಾಯಿಂದ ಔಷಧ ಕೊಡಬೇಕು. ಔಷಧದಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಮುಲಾಮು ಹಚ್ಚಿದರೆ ತುರಿಕೆ ತಗ್ಗುತ್ತದೆ, ಸೋಂಕು ಹರಡುತ್ತದೆ. ನಿರ್ಲಕ್ಷಿಸಿದ ಸೋಂಕು ಕೀವುಗಡ್ಡೆಯಾಗಿ ಆ ಜಾಗದಲ್ಲಿ ಕೂದಲು ಮತ್ತೆ ಬಾರದೇ ಹೋಗಬಹುದು.

ಕೊನೆಯ ಭಾಗಕ್ಕೆ ಬಂದಿದ್ದೇನೆ. ನೆತ್ತಿಯ ಮೇಲೆ ಏನೂ ತಪ್ಪು ಕಾಣದಿದ್ದರೂ ಕೂದಲು ಉದುರಬಹುದು. ಡೆಂಗಿ, ಟೈಫಾಯ್ಡ್, ಕೋವಿಡ್‌ನಂಥ ಜ್ವರ, ದೊಡ್ಡ ಶಸ್ತ್ರಚಿಕಿತ್ಸೆ, ಹೆರಿಗೆ, ಹಠಾತ್ತನೆ ಊಟ ಬಿಟ್ಟು ತೂಕ ಇಳಿಸುವುದು, ಇವೆಲ್ಲ ದೇಹಕ್ಕೆ ಬೀಳುವ ಹೊಡೆತಗಳು. ಬೆಳೆಯುತ್ತಿದ್ದ ಬಹಳಷ್ಟು ಕೂದಲು ಒಟ್ಟಿಗೇ ವಿಶ್ರಾಂತಿಗೆ ಹೋಗುತ್ತದೆ, ಎರಡು ಮೂರು ತಿಂಗಳ ನಂತರ ಹಿಡಿಹಿಡಿಯಾಗಿ ಬರುತ್ತದೆ. ಕೇಶಕೂಪಗಳು ಹಾಳಾಗಿರುವುದಿಲ್ಲ. ಕಾರಣ ಸರಿಹೋದರೆ ಸಾಮಾನ್ಯವಾಗಿ ಆರು ತಿಂಗಳಲ್ಲಿ ಉದುರುವುದು ನಿಲ್ಲುತ್ತದೆ. ಈ ಹೊತ್ತಿನಲ್ಲಿ ರೋಗಿಗೆ ಬೇಕಾದದ್ದು ಧೈರ್ಯ ಮತ್ತು ಒಳ್ಳೆಯ ಊಟ.

ಊಟದ ಮಾತು ಹೆಣ್ಣುಮಕ್ಕಳಿಗೆ ಹೆಚ್ಚು ಅನ್ವಯಿಸುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಹೆಂಗಸರಲ್ಲಿ ರಕ್ತಹೀನತೆ ದೇಶದಲ್ಲಿ ಶೇ 57, ಕರ್ನಾಟಕದಲ್ಲಿ ಶೇ 47.8. ಅಂದರೆ ನಮ್ಮ ರಾಜ್ಯದಲ್ಲಿ ಇಬ್ಬರಲ್ಲಿ ಒಬ್ಬರಿಗೆ ಹತ್ತಿರ. ದೇಹ ಇರುವ ಕಬ್ಬಿಣವನ್ನು ಮೊದಲು ಜೀವಕ್ಕೆ ಅಗತ್ಯವಾದ ಅಂಗಗಳಿಗೆ ಕೊಡುತ್ತದೆ, ಕೂದಲಿನ ಸರದಿ ಕೊನೆಗೆ. ಮನೆಯವರಿಗೆಲ್ಲ ಬಡಿಸಿ ತಳದಲ್ಲಿ ಉಳಿದ ಸಾರಿನಲ್ಲಿ ಊಟ ಮುಗಿಸುವ ತಾಯಿಗೆ ಯಾವ ಎಣ್ಣೆಯೂ ಕೂದಲು ತಂದುಕೊಡದು. ಕಾಳು, ಬೇಳೆ, ಸೊಪ್ಪು, ಹಾಲು, ತಿನ್ನುವವರಿಗೆ ಮೊಟ್ಟೆ, ಮೀನು, ಮಾಂಸ ಬೇಕು. ಸೊಪ್ಪಿನ ಪಲ್ಯಕ್ಕೆ ನಿಂಬೆರಸ ಹಿಂಡಿದರೆ ಕಬ್ಬಿಣ ಹೆಚ್ಚು ಹೀರಲ್ಪಡುತ್ತದೆ, ಊಟದ ಜೊತೆಗೆ ಕಾಫಿ, ಟೀ ಕುಡಿದರೆ ಕಡಿಮೆಯಾಗುತ್ತದೆ. ಬಾಣಂತಿಗೆ ಸೊಪ್ಪು, ತರಕಾರಿ ಕೊಡದ ಪಥ್ಯವನ್ನು ಹಿರಿಯರು ದಯವಿಟ್ಟು ಮರುಪರಿಶೀಲಿಸಬೇಕು. ಉದುರುವುದು ಬಹುಕಾಲ ನಡೆದರೆ ಹಿಮೋಗ್ಲೋಬಿನ್, ಕಬ್ಬಿಣದ ಸಂಗ್ರಹ ತಿಳಿಸುವ ಫೆರಿಟಿನ್, ಥೈರಾಯ್ಡ್ ಪರೀಕ್ಷೆ ಮಾಡಿಸಿ. ಕೊರತೆ ಕಂಡರೆ ಮಾತ್ರೆ ನುಂಗಿ. ಕೊರತೆಯಿಲ್ಲದವರಿಗೆ ಕೂದಲಿನ ವಿಟಮಿನ್ ಮಾತ್ರೆಗಳಿಂದ ಹೆಚ್ಚಿನ ಪ್ರಯೋಜನವಿಲ್ಲ.

ವಂಶಪಾರಂಪರ್ಯವಾಗಿ ಬರುವ ಕೂದಲ ನಷ್ಟ ಬೇರೆ ಬಗೆ. ಡಿಎಚ್‌ಟಿ ಎಂಬ ಹಾರ್ಮೋನಿಗೆ ಹೆಚ್ಚು ಸ್ಪಂದಿಸುವ ಕೇಶಕೂಪಗಳು ವರ್ಷದಿಂದ ವರ್ಷಕ್ಕೆ ಕುಗ್ಗಿ, ಕೂದಲು ತೆಳುವಾಗುತ್ತದೆ. ಗಂಡಸರಿಗೆ ಹಣೆಯ ಮೂಲೆ ಮತ್ತು ನಡುನೆತ್ತಿಯಲ್ಲಿ, ಹೆಂಗಸರಿಗೆ ಬೈತಲೆ ಅಗಲವಾಗುವುದರಲ್ಲಿ ಇದು ಕಾಣುತ್ತದೆ. ರಕ್ತದೊತ್ತಡದ ಮಾತ್ರೆಯಾಗಿ ಬಂದ ಮಿನಾಕ್ಸಿಡಿಲ್ ನುಂಗಿದವರ ಮೈಮೇಲೆ ಕೂದಲು ಬೆಳೆದದ್ದನ್ನು ವೈದ್ಯರು ಗಮನಿಸಿದರು. ಅದರ ಹಚ್ಚುವ ದ್ರಾವಣಕ್ಕೆ 1988ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಆರಂಭದ ಕೆಲವು ವಾರ ಕೂದಲು ಇನ್ನೂ ಹೆಚ್ಚು ಉದುರಬಹುದು, ಅದಕ್ಕೆ ಹೆದರಿ ನಿಲ್ಲಿಸಬಾರದು. ಫಲ ತಿಳಿಯಲು 4ರಿಂದ 6 ತಿಂಗಳು ಬೇಕು, ಬಿಟ್ಟರೆ ಲಾಭ ಉಳಿಯುವುದಿಲ್ಲ. ಬಸುರಿಯರು, ಹಾಲೂಡಿಸುವ ತಾಯಂದಿರು ಇದನ್ನು ಬಳಸಬಾರದು. ಆದ್ದರಿಂದ ವೈದ್ಯರ ಸಲಹೆಯಿಲ್ಲದೆ ಶುರು ಮಾಡುವುದು ಬೇಡ. ಕೇಶಕೂಪ ಪೂರ್ತಿ ಕುಗ್ಗುವ ಮೊದಲೇ ಬಂದವರಿಗೆ ನಾವು ಹೆಚ್ಚು ನೆರವಾಗಬಲ್ಲೆವು.

ಹಾಗಾದರೆ ಯಾವಾಗ ವೈದ್ಯರ ಹತ್ತಿರ ಹೋಗಬೇಕು? ದುಂಡಗೆ ನಾಣ್ಯದಷ್ಟು ಜಾಗದಲ್ಲಿ ಕೂದಲು ಹೋದಾಗ. ನೆತ್ತಿಯಲ್ಲಿ ಕೀವು, ನೋವು, ದಪ್ಪ ಪದರ ಕಂಡಾಗ. ಮುಟ್ಟು ಏರುಪೇರಾಗಿ, ಮುಖದಲ್ಲಿ ಕೂದಲು, ಮೊಡವೆ ಜೊತೆಗೂಡಿದಾಗ. ಎಲ್ಲಕ್ಕಿಂತ ಮುಖ್ಯವಾಗಿ, ಕೂದಲು ಹೋದ ಜಾಗದ ಚರ್ಮ ನುಣ್ಣಗೆ ಹೊಳೆಯುತ್ತಾ, ಸಣ್ಣ ರಂಧ್ರಗಳೇ ಕಾಣದಾದಾಗ. ಅದು ಕಲೆಗಟ್ಟಿಸುವ ರೋಗದ ಲಕ್ಷಣ, ಹೋದ ಕೇಶಕೂಪ ಮರಳುವುದಿಲ್ಲ. ಉಳಿದದ್ದನ್ನು ಕಾಪಾಡಲು ಒಂದೊಂದು ವಾರವೂ ಅಮೂಲ್ಯ.

ಮುಗಿಸುವ ಮುನ್ನ ಮೂರು ವಿನಂತಿಗಳು. ತಾಯಂದಿರೇ, ವಾರಕ್ಕೊಮ್ಮೆ ಮಕ್ಕಳನ್ನು ಬೆಳಕಿಗೆ ಕೂರಿಸಿ ಬಾಚಣಿಗೆಯ ತುದಿಯಿಂದ ಕೂದಲು ಬಿಡಿಸಿ ನೆತ್ತಿ ನೋಡಿ. ಹೊಟ್ಟು, ಕೆಂಪು, ಗುಳ್ಳೆ, ಸೀರು ಮೊದಲೇ ಕಣ್ಣಿಗೆ ಬಿದ್ದರೆ ಚಿಕಿತ್ಸೆ ಸುಲಭ, ಖರ್ಚೂ ಕಡಿಮೆ. ಅಧ್ಯಾಪಕರೇ, ಹಾಸ್ಟೆಲ್ ಮೇಲ್ವಿಚಾರಕರೇ, ಜಡೆ ಬಿಗಿಯಾಗಿಯೇ ಇರಬೇಕೆಂದು ಒತ್ತಾಯಿಸಬೇಡಿ. ಹೇನು, ಶಿಲೀಂಧ್ರದ ಸೋಂಕು ಬಂದ ಮಗುವನ್ನು ತರಗತಿಯ ಮುಂದೆ ನಾಚಿಸಬೇಡಿ. ಪ್ರತಿಯೊಬ್ಬರಿಗೂ ಬೇರೆ ಬಾಚಣಿಗೆ, ಬೇರೆ ಟವೆಲ್ ಸಿಗುವಂತೆ ನೋಡಿಕೊಳ್ಳಿ. ವಿದ್ಯಾರ್ಥಿನಿಯರೇ, ಮುಂದಿನ ಬಾಟಲಿಗೆ ತೆಗೆದಿಟ್ಟ ಹಣವನ್ನು ಮೊದಲು ಒಂದು ರಕ್ತಪರೀಕ್ಷೆಗೆ ಮತ್ತು ನಿತ್ಯದ ಒಂದು ಬಟ್ಟಲು ಕಾಳಿಗೆ ಬಳಸಿ. ನಿಮ್ಮ ಕೂದಲು ಹುಟ್ಟುವ ಚರ್ಮ ಜೀವಂತವಾದದ್ದು, ಅದು ಕೇಳುವುದು ಶುಚಿತ್ವ, ಆಹಾರ ಮತ್ತು ಸಕಾಲದ ಚಿಕಿತ್ಸೆ. ಈ ಮೂರೂ ನಮ್ಮ ತಾಲ್ಲೂಕಿನಲ್ಲಿ ಪ್ರತಿ ಹೆಣ್ಣುಮಗಳ ಕೈಗೆಟುಕಬೇಕು ಎಂಬುದು ನನ್ನ ಹಂಬಲ.